ಮಾವನವರ ಕೆಮ್ಮು

ನಮ್ಮ ಮಾವನವರಿಗೆ ಎದೆಯ ತೊಂದರೆ ಏನೂ ಇಲ್ಲ. ಆದರೂ ಮನೆಯೊಳಗೆ ಕಾಲಿಡುವ ಮೊದಲು ಒಮ್ಮೆ ಕೆಮ್ಮುತ್ತಾರೆ. ಅದು ಕೇಳಿದ ಕೂಡಲೇ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲಬೇಕು. ಅವರು ಕೂತ ಮೇಲೆಯೇ ನಮ್ಮ ಕೆಲಸಕ್ಕೆ ಮರಳಬೇಕು. ಬೆಟಗೇರಿಯ ತವರಿನಲ್ಲಿ ಅಪ್ಪನ ಪಕ್ಕದಲ್ಲೇ ಕೂತು ಉಂಡು ಬೆಳೆದವಳು ನಾನು. ಲಕ್ಷ್ಮೇಶ್ವರದ ಈ ಮನೆಗೆ ಬಂದ ಮೇಲೆ, ಮರ್ಯಾದೆ ಎಂದರೆ ಮೊದಲು ಕಾಲಿನ ಕೆಲಸ ಎಂದು ಗೊತ್ತಾಯಿತು. ಅತ್ತೆ ತೀರಿಕೊಂಡ ಮೇಲೆ ಎದ್ದು ನಿಲ್ಲುವವಳು ನಾನೊಬ್ಬಳೇ.

ಹೋದ ವರ್ಷ ನನ್ನ ಮೊಣಕಾಲು ಕೈಕೊಟ್ಟವು. ನೆಲದ ಮೇಲೆ ಕೂರಬೇಡಿ ಎಂದರು ಗದಗಿನ ಡಾಕ್ಟರು. ಗಂಡ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಪಡಸಾಲೆಯಲ್ಲಿ ಇಟ್ಟ. ಅದರಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಾಗ ಕೆಮ್ಮು ಕೇಳಿತು. ಗಡಬಡಿಸಿ ಎದ್ದೆ. ಮೊಣಕಾಲು ಲಟಕ್ಕೆಂದಿತು, ಗೋಡೆ ಹಿಡಿದುಕೊಂಡೆ. ಮಾವನವರು ನನ್ನನ್ನೂ ಕುರ್ಚಿಯನ್ನೂ ನೋಡಿ, ತಿರುಗಿ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತರು. ಅಂದಿನಿಂದ ಅವರ ಊಟ ಅಲ್ಲೇ. ಗಂಡ ತಾಟು ಒಯ್ದು ಕೊಡುತ್ತಿದ್ದ.

ಕುರ್ಚಿ ಅವರಿಗೆ ಸರಿಬರಲಿಲ್ಲ ಎಂದುಕೊಂಡು ಅದನ್ನು ಹಿತ್ತಲಿಗೆ ಹಾಕಿದೆ. ನೋವು ನುಂಗಿ ನೆಲದ ಮೇಲೇ ಕೂತೆ. ಆದರೂ ಅವರು ಒಳಗೆ ಬರಲಿಲ್ಲ. ನಳದ ಹತ್ತಿರ ಓಣಿಯ ಹೆಂಗಸೊಬ್ಬಳು ನನಗೆ ಕೇಳುವ ಹಾಗೆಯೇ ಅಂದಳು: "ಮಾವಗ ಕಟ್ಟಿ ಮ್ಯಾಗ ಉಣ್ಣಾಕ ಹಾಕ್ತಾಳ, ನೋಡ್ರಿ." ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಎದ್ದು ನಿಂತದ್ದಕ್ಕೆ ಸಿಕ್ಕ ಹೆಸರು ಇದೇನಾ?

ಅವತ್ತು ಬಾಗಿಲ ಮರೆಯಲ್ಲಿ ನಿಂತು ನಾನೇ ಕೇಳಿದೆ.

"ಮಾವಾರ, ಕುರ್ಚಿ ತಗದೀನ್ರಿ. ಇನ್ನೂ ಸಿಟ್ಟ ಯಾಕ್ರಿ?"

"ಸಿಟ್ಟ ಯಾರಿಗೈತಿ ಯವ್ವಾ? ನಾ ಒಳಗ ಬಂದ್ರ ನೀ ಏಳ್ತಿ. ಎದ್ರ ನಿನ್ನ ಮೊಣಕಾಲ ನೋಯ್ತೈತಿ. ಅದಕ್ಕ ಇಲ್ಲೇ ಕುಂತೀನಿ."

"ಹಂಗಾದ್ರ ಕೆಮ್ಮದ ಬರ್ರಿ."

"ಸೊಸಿ ಇರೋ ಮನ್ಯಾಗ ಕೆಮ್ಮದ ಹೆಂಗ ಬರಲಿ? ನನಗ ಮರ್ಯಾದಿ ಇಲ್ಲೇನು?"

ಅವರ ಮರ್ಯಾದೆ ಯಾವುದು, ನನ್ನದು ಯಾವುದು, ಎಲ್ಲ ಕಲಸಿಹೋಗಿತ್ತು.

ಮರುದಿನ ನೋಡಿದರೆ ಕುರ್ಚಿ ಮತ್ತೆ ಪಡಸಾಲೆಯಲ್ಲಿತ್ತು. ಮಧ್ಯಾಹ್ನ ಕೆಮ್ಮು ಕೇಳಿತು, ಹಿಂದೆಯೇ "ಏಳಬ್ಯಾಡವಾ" ಎಂಬ ಮಾತೂ ಬಂತು. ಅಷ್ಟರಲ್ಲಿ ನನ್ನ ಕಾಲು ತಾವೇ ಎದ್ದುಬಿಟ್ಟಿದ್ದವು. ಕೂತರೆ ಮರ್ಯಾದೆ ಕೊಡಲಿಲ್ಲ ಎಂದಾಗುತ್ತದೆ, ನಿಂತರೆ ಅವರ ಮಾತು ಮೀರಿದ ಹಾಗೆ. ಅವರು ಹೊಸ್ತಿಲ ಆಚೆ, ನಾನು ಈಚೆ, ಇಬ್ಬರೂ ನಿಂತೇ ಇದ್ದೆವು.

"ಕುಂಡ್ರು."

"ಮೊದಲ ನೀವು ಕುಂಡ್ರಿ."

ನನ್ನ ಕಾಲು ನಡುಗುವುದು ಅವರಿಗೆ ಕಂಡಿರಬೇಕು. ಹೊಸ್ತಿಲ ಮೇಲೆ ಯಾರಾದರೂ ಕೂತರೆ ನೆಂಟರು ಎಂದೂ ನೋಡದೆ ಗದರುವ ಮನುಷ್ಯ, ಮೊಣಕಾಲ ಮೇಲೆ ಕೈಯೂರಿ ಅದೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ನಾ ಕುಂತೆ ನೋಡು. ಈಗರ ಕುಂಡ್ರು."

ಕೂತೆ. ಮಾವನವರು ಹೊಸ್ತಿಲ ಮೇಲೆ, ಸೊಸೆ ಕುರ್ಚಿಯಲ್ಲಿ. ಇದರಲ್ಲಿ ಯಾರು ಯಾರಿಗೆ ಮರ್ಯಾದೆ ಕೊಟ್ಟರೋ ನನಗೆ ಇವತ್ತಿಗೂ ತಿಳಿದಿಲ್ಲ. ತಲೆಯ ಮೇಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅದನ್ನು ಮತ್ತೆ ಹೊದ್ದುಕೊಳ್ಳುವುದು ನೆನಪಾಗಲಿಲ್ಲ.