ಎಲೆ ಅಗಿದು ನೋಡುವ ಭೀಮಶಿ

ಗಿಡ ಕೊಳ್ಳಲು ಹೋದವರು ಎಲೆಯ ಬಣ್ಣ ನೋಡುತ್ತಾರೆ, ಬೇರು ನೋಡುತ್ತಾರೆ. ನಮ್ಮ ಭೀಮಶಿ ಎಲೆ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಹಾಲಿಂಗಪುರದ ನರ್ಸರಿಯಲ್ಲಿ ಹೀಗೇ ಬಿಳಿ ಚುಕ್ಕೆಗಳ ಅಗಲವಾದ ಎಲೆಯೊಂದನ್ನು ಅಗಿದುಬಿಟ್ಟ. ನರ್ಸರಿಯವನು ಓಡಿ ಬರುವಷ್ಟರಲ್ಲಿ ನಾಲಿಗೆ ಬಾತುಕೊಂಡಿತ್ತು. ಆಫೀಸಿನ ಟ್ರ್ಯಾಕ್ಟರಿನಲ್ಲಿ ಕುಂಡಗಳ ನಡುವೆ ಕುಳಿತು, ತೆರೆದ ಬಾಯಿ ಮುಚ್ಚಲಾಗದೆ ಬಂದ ಅವನನ್ನು ನೋಡಿ ಇಡೀ ಕಾಲೊನಿ ನಕ್ಕಿತು. ನಾನೂ ನಕ್ಕೆ. ನಗು ಬಂದರೆ ತಡೆದುಕೊಳ್ಳುವ ಜಾತಿಯವಳಲ್ಲ ನಾನು.

ಮರುದಿನ ಅವನಿಗೆ ಮಾತು ಬಂದ ಮೇಲೆ ಕೇಳಿದೆ. "ಕಂಡದ್ದೆಲ್ಲಾ ಯಾಕ ತಿಂತೀಯೋ?"

"ಕುರಿ ತಿಂತಾವೋ ಇಲ್ಲೋ ನೋಡಬೇಕಲ್ರಿ ಅಕ್ಕಾರ. ಹೊಸಾ ಅಡವ್ಯಾಗ ಹಿಂಡ ಬಿಡೂಕಿಂತ ಮೊದಲ ನಾವ ಕಡದ ನೋಡತೇವ್ರಿ."

"ಇಲ್ಲಿ ಕುರಿ ಎಲ್ಲಿ ಅದಾವೋ? ಇದು ಸಾಹೇಬರ ತ್ವಾಟ."

ಅವನು ಗುದ್ದಲಿ ಹೆಗಲಿಗೇರಿಸಿದ. "ಇಲ್ಲ ಬಿಡ್ರಿ. ಆದ್ರ ತಿನ್ನಾಕ ಬಾರದ್ದ ಹಚ್ಚಿ ಏನ ಮಾಡೂದ್ರಿ?"

ನಾನು ಬೀಳಗಿ ಹತ್ತಿರದ ನೀರಾವರಿ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಹೆಸರು ಶೀತಲ, ತವರು ತೇರದಾಳ. ನನ್ನ ಕ್ವಾರ್ಟರ್ಸಿನ ಕಿಟಕಿ ತೆರೆದರೆ ಎದುರಿಗೆ ಕಾಲೊನಿಯ ತೋಟ, ತೋಟದ ನಡುವೆ ದುಂಡನೆಯ ಸಿಮೆಂಟಿನ ಹೊಂಡ, ಹೊಂಡದ ನಡುವೆ ಸಿಮೆಂಟಿನದೇ ಒಂದು ಕೊಕ್ಕರೆ. ಕೊಕ್ಕರೆಯ ಕೊಕ್ಕಿನೊಳಗೊಂದು ಪೈಪು; ಕರೆಂಟು ಇದ್ದಾಗ ಅದರಿಂದ ನೀರು ಚಿಮ್ಮುತ್ತಿತ್ತು. ಈ ತೋಟಕ್ಕೆ ಭೀಮಶಿ ದಿನಗೂಲಿ ಮಾಲಿಯಾಗಿ ಬಂದ.

ಅವನ ಊರು ಹೊಳೆದಂಡೆಯಲ್ಲಿತ್ತು. ಹಿನ್ನೀರು ಏರಿತು, ಊರು ಮುಳುಗಿತು. ಗುಡಿಯ ಬೀರಪ್ಪನನ್ನೂ ಹೊತ್ತುಕೊಂಡು ಜನ ಮೇಲಿನ ಕಲ್ಲುನೆಲಕ್ಕೆ ಬಂದರು. ಅಣ್ಣ ಸಿದರಾಯ ಮತ್ತು ತಮ್ಮ ಭೀಮಶಿಗೆ ಉಳಿದದ್ದು ತಂದೆ ಬಿಟ್ಟುಹೋದ ಕುರಿಯ ಹಿಂಡು ಮಾತ್ರ. ಮುಳುಗಡೆಯಾದ ಮನೆಗೊಬ್ಬರಿಗೆ ಕೆಲಸ ಕೊಡುತ್ತಾರೆಂದು ಸುದ್ದಿಯಾದಾಗ ಭೀಮಶಿಯ ಹೆಂಡತಿ ಹೊಳೆವ್ವ ತಡಮಾಡಲಿಲ್ಲ. ತನ್ನ ಅಣ್ಣತಮ್ಮಂದಿರನ್ನು ಹಿಡಿದು, ಕಂಡವರ ಕಾಲಿಗೆ ಬಿದ್ದು, ಗಂಡನನ್ನು ಈ ಕೆಲಸಕ್ಕೆ ಸೇರಿಸಿದಳು. ಹಿಂಡು ಅಣ್ಣನ ಪಾಲಿಗೆ ಹೋಯಿತು.

ಹೊಳೆವ್ವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವಳೂ ಹಿಂಡಿನ ಹಿಂದೆ ನಡೆದವಳು. ಒಂದು ಮಳೆಗಾಲ ಯಾರದೋ ಹೊಲದಲ್ಲಿ ಬಿಡಾರ ಹೂಡಿದ್ದಾಗ ಚೊಚ್ಚಲ ಕೂಸಿಗೆ ಜ್ವರ ಏರಿತು. ಆಸ್ಪತ್ರೆ ಇರುವ ಊರು ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಅದನ್ನು ದಾರಿಯಲ್ಲೇ ಮಣ್ಣು ಮಾಡಿ ಮತ್ತೆ ಹಿಂಡಿನ ಹಿಂದೆ ನಡೆಯಬೇಕಾಯಿತು. ಅಂದಿನಿಂದ ಅವಳದು ಒಂದೇ ಮಾತು. "ಇನ್ನ ನಾ ಕುರಿ ಹಿಂದ ಬರಾಂಗಿಲ್ಲ. ನನ್ನ ಮಕ್ಕಳೂ ಬರಾಂಗಿಲ್ಲ. ಈ ನೌಕರಿ ನೀ ಬಿಟ್ಟ ದಿನಾ ನನ್ನೂ ಬಿಟ್ಟಂಗ ತಿಳಕೋ." ಇಂಥ ಮಾತು ಆಡಿದವಳ ಎದುರು ಭೀಮಶಿ ತಲೆಯಾಡಿಸಿ ಕೆಲಸಕ್ಕೆ ಬರುತ್ತಿದ್ದ.

ಬರುತ್ತಿದ್ದ ಅಂದರೆ ದೇಹ ಬರುತ್ತಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನೀರಿನ ಪೈಪು. ತೋಟದ ಸುತ್ತ ಮುಳ್ಳುತಂತಿ, ಅದರಾಚೆ ರಸ್ತೆ. ರಸ್ತೆಯಲ್ಲಿ ಯಾರದಾದರೂ ಹಿಂಡು ಹೋದರೆ ಇವನು ತಂತಿಯ ಈಚೆ ಅದರ ಜೊತೆಗೇ ನಡೆಯುತ್ತಿದ್ದ, ತೋಟ ಮುಗಿಯುವವರೆಗೆ. ಆಮೇಲೆ ತಂತಿ ಹಿಡಿದು ನಿಲ್ಲುತ್ತಿದ್ದ. ಪೈಪಿನ ನೀರು ಎಲ್ಲೋ ಹರಿದು ರಾಡಿಯಾಗುತ್ತಿತ್ತು. ಒಂದು ಸಲ ನಾನು ಕಿಟಕಿಯಿಂದಲೇ ಕೂಗಿ ಬೈದೆ. ಅವನು ತಿರುಗಿ, "ಮೊದಲ ಅವು ದಡ್ಡ್ಯಾಗ, ನಾ ಹೊರಗ ಇರತಿದ್ನಿರಿ ಅಕ್ಕಾರ. ಈಗ ಉಲ್ಟಾ ಆಗೇತಿ" ಎಂದ. ದಡ್ಡಿ ಎಂದರೆ ಕುರಿ ಕೂಡಿಹಾಕುವ ಬೇಲಿ. ನಾನು ಕಿಟಕಿ ಮುಚ್ಚಿಕೊಂಡೆ.

ಹೊಸ ಸಾಹೇಬರು ಬಂದವರು ಹೊಂಡದಲ್ಲಿ ಕಮಲ ಬೇಕೆಂದರು. ದಂಡೆಗೆ ಚಂದದ ಗಿಡ ಹಚ್ಚು ಎಂದರು. ಭೀಮಶಿ ನರ್ಸರಿಗೆ ಹೋಗಿ ನಾಲಿಗೆ ಸುಟ್ಟುಕೊಂಡು ಬಂದದ್ದು ಆಗಲೇ. ತಂದ ಕುಂಡಗಳನ್ನು ಮೂಲೆಗಿಟ್ಟು, ದಂಡೆಗೆ ತನಗೆ ತಿಳಿದ ಗಿಡಗಳನ್ನೇ ಹಚ್ಚಿದ. ನೀರಿಗೆ ತಾಗಿ ಹೊನಗೊನ್ನೆ, ಅದರ ಹಿಂದೆ ಗರಿಕೆ, ನೆರಳಿಗೆ ಚೊಗಚಿ ಮರದ ಸಸಿ. ಎಲ್ಲವೂ ಕುರಿ ಬಾಯಿ ಚಪ್ಪರಿಸಿ ತಿನ್ನುವಂಥವು. ಹಸಿರಾಗಿ ಬಂದದ್ದರಿಂದ ಸಾಹೇಬರು ಹೆಸರು ಕೇಳಲಿಲ್ಲ.

ಹೊಂಡದೊಳಗಿನ ಕತೆ ಬೇರೆ. ಮುಳುಗಿದ ಊರಿನ ಅಂಚಿನಲ್ಲಿ, ಹಿನ್ನೀರು ಇಳಿದಾಗ ಉಳಿಯುವ ತಗ್ಗಿನಿಂದ, ಅವನು ಗಡ್ಡೆಗಳನ್ನು ಕಿತ್ತು ತಂದ. ಅವು ಕಮಲವಲ್ಲ, ನೈದಿಲೆ. ಅದೇ ಒಳ್ಳೆಯದಾಯಿತು, ಮೊಣಕಾಲುದ್ದದ ಆ ಹೊಂಡದಲ್ಲಿ ಕಮಲ ಹಾಕಿದ್ದರೆ ಹೊಂಡವೆಲ್ಲ ಅದರದೇ ಆಗುತ್ತಿತ್ತು. ಗಡ್ಡೆ ಸರಿಯಾಗಿಯೇ ಆರಿಸಿದ. ಗೊಬ್ಬರದಲ್ಲಿ ಎಡವಿದ. ನಮ್ಮ ಕಡೆ ಹೊಲದವರು ಕೈಮುಗಿದು ಕರೆದು ಹಿಂಡನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕುರಿ ನಿಂತ ಹೊಲದ ಬೆಳೆಯೇ ಬೇರೆ. ಅದನ್ನು ನೋಡುತ್ತ ಬೆಳೆದವನಿಗೆ ಕುರಿಹಿಕ್ಕೆ ಹಾಕಿದರೆ ಕಲ್ಲೂ ಚಿಗುರೀತು ಎಂಬ ನಂಬಿಕೆ. ಅಣ್ಣನಿಂದ ಚೀಲಗಟ್ಟಲೆ ಹಿಕ್ಕೆ ತರಿಸಿ ಹೊಂಡಕ್ಕೆ ಸುರಿದ, ಮೇಲೆ ಗಡ್ಡೆ ಊರಿದ, ನೀರು ಬಿಟ್ಟ.

ಬೇಸಿಗೆಯ ಬಿಸಿಲು. ವಾರ ಕಳೆಯುವಷ್ಟರಲ್ಲಿ ನೀರು ಹಸಿರು ಅಂಬಲಿಯಾಯಿತು. ಸಾಹೇಬರ ಮನೆಯವರು ಬಿಟ್ಟಿದ್ದ ಬಣ್ಣದ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ನಾತಕ್ಕೆ ನಾನು ಪಕ್ಕದ ಆಫೀಸಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಟೈಪು ಮಾಡಿದೆ. ಸಾಹೇಬರು ಹೊಂಡದ ಬಳಿ ನಿಂತು ಕೂಗಾಡಿದರು. "ದಸರಾದೊಳಗ ಇದು ನೆಟ್ಟಗಾಗಲಿಲ್ಲಂದ್ರ ಮಣ್ಣ ತುಂಬಿಸಿ ಮುಚ್ಚತೇನಿ. ತ್ವಾಟಾ ಗುತ್ತಿಗಿಗೆ ಕೊಡತೇನಿ. ನೀ ಮನಿಗೆ ಹೋಗು."

ಪಾಪ ಅನಿಸಿತು. ಸಂಜೆ ಕಟ್ಟೆಯ ಮೇಲೆ ಕುಳಿತಿದ್ದವನ ಹತ್ತಿರ ಹೋಗಿ, "ಹೆದರಬ್ಯಾಡ, ನಾ ಸಾಹೇಬರ ಜೋಡಿ ಮಾತಾಡತೇನಿ" ಎಂದೆ.

"ಮಾತಾಡಬ್ಯಾಡ್ರಿ ಅಕ್ಕಾರ!" ಎಂದು ಎದ್ದೇ ನಿಂತ. ಅವನು ನಗುತ್ತಿದ್ದ. ಅವನು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅವತ್ತೇ. "ನಾ ಬಿಟ್ರ ಹೊಳೆವ್ವ ಸುಮ್ನಿರಾಂಗಿಲ್ಲ. ಅವರ ತಗದ್ರ ನನ್ನ ತಪ್ಪೇನೈತ್ರಿ?"

ಆಗ ಎಲ್ಲ ಹೇಳಿದ. ಸಿದರಾಯನ ಮೊಣಕಾಲು ಕೆಟ್ಟಿತ್ತು, ಹಿಂಡಿನ ಹಿಂದೆ ನಡೆಯಲಾಗುತ್ತಿರಲಿಲ್ಲ. ಅವನಿಗಿದ್ದವರು ಹೆಣ್ಣುಮಕ್ಕಳು, ಮದುವೆಯಾಗಿ ಹೋದವರು. ದೀಪಾವಳಿಯವರೆಗೆ ಕಾಯುತ್ತೇನೆ, ನೀನು ಬಂದರೆ ಹಿಂಡು ನಿನ್ನದು, ಇಲ್ಲದಿದ್ದರೆ ಸಂತೆಗೆ ಹೊಡೆಯುತ್ತೇನೆ ಎಂದು ಅಣ್ಣ ಹೇಳಿಕಳಿಸಿದ್ದ. ಹೊಂಡ ಸತ್ತರೆ ಭೀಮಶಿಗೆ ಬಿಡುಗಡೆ, ಹಿಂಡು ಉಳಿಯುತ್ತಿತ್ತು. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂರಬೇಕಿತ್ತು, ಅಷ್ಟೇ.

"ಹಂಗಾರ ಕೂಡು ಸುಮ್ಮನ" ಎಂದೆ. ನನಗೂ ಅವನು ಹೋಗಲಿ ಅನಿಸಿತ್ತು. ತಂತಿ ಹಿಡಿದು ನಿಂತವನನ್ನು ದಿನಾ ನೋಡುವುದು ನನಗೂ ಸಾಕಾಗಿತ್ತು.

ಅವನು ಕುಳಿತ. ನಿಜವಾಗಿಯೂ ಕುಳಿತ. ಹೊಂಡಕ್ಕೆ ಬೆನ್ನು ಹಾಕಿ ಕಂಬಳಿ ಹಾಸಿಕೊಂಡು ರಸ್ತೆ ನೋಡುತ್ತಿದ್ದ. ಮಧ್ಯಾಹ್ನಕ್ಕೊಮ್ಮೆ ಮಾತ್ರ ತಿರುಗಿ ನೋಡುವನು. ಮಾರನೆಯ ವಾರ ಆ ಹಸಿರು ರಾಡಿಯ ನಡುವೆ ಒಂದು ಎಲೆ ಮೇಲೆ ಬಂತು. ಅಂಗೈಯಷ್ಟೂ ಇಲ್ಲ, ಅಂಚು ಕೊಳೆತಿತ್ತು. ಭೀಮಶಿ ಈಗ ಅಡ್ಡಕ್ಕೆ ಕುಳಿತ. ಎಲೆ ಕಣ್ಣಂಚಿಗೆ ಬೀಳುವ ಹಾಗೆ.

ಕುರಿಗಾರರಲ್ಲಿ ಒಂದು ರೀತಿಯಿದೆ. ನಡೆಯಲಾರದ ಮರಿಯನ್ನು ದಾರಿಯಲ್ಲಿ ಬಿಟ್ಟು ಹೋಗುವುದಿಲ್ಲ. ಬದುಕಲಾರದೆಂದು ಗೊತ್ತಿದ್ದರೂ ಕಂಬಳಿಯ ಮಡಿಕೆಯಲ್ಲಿಟ್ಟು ಹೊರುತ್ತಾರೆ. ಸತ್ತರೆ ಹೊತ್ತವನ ಹೆಗಲ ಮೇಲೆ ಸಾಯಬೇಕು. ಒಂದು ಬೆಳಿಗ್ಗೆ ನಾನು ಕಿಟಕಿ ತೆರೆದಾಗ ಭೀಮಶಿ ಧೋತರ ಎತ್ತಿ ಕಟ್ಟಿ ಹೊಂಡದೊಳಗೆ ನಿಂತಿದ್ದ. ಎರಡು ಕೈಯಲ್ಲೂ ಆ ಗಡ್ಡೆ, ಕೆಸರು ಸೋರುತ್ತಿತ್ತು.

ಸಿಟ್ಟು ನೆತ್ತಿಗೇರಿತು. ಹೊರಗೆ ಓಡಿದೆ. "ಹುಚ್ಚಾ! ಬಿಡೋ ಅದನ್ನ. ಅದು ಬದುಕಿದ್ರ ನೀ ಇಲ್ಲೇ ಸಾಯತಿ."

"ಗೊತ್ತೈತ್ರಿ" ಎಂದ. ಕಣ್ಣು ತುಂಬಿತ್ತು. "ಜೀವ ಐತ್ರಿ ಇದರಾಗ. ನೋಡಕೋತ ಕೂಡಾಕ ಆಗವಲ್ದರಿ ಅಕ್ಕಾರ. ಏನ ಮಾಡ್ಲಿ, ನೀವರ ಹೇಳ್ರಿ."

ಅವನು ದಾರಿ ಕೇಳಿದ್ದು ಗಡ್ಡೆಗೋ ತನಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಗಡ್ಡೆಯದ್ದು ಹೇಳಿದೆ. ತೇರದಾಳದ ನಮ್ಮ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಅಪ್ಪ ನೈದಿಲೆ ಸಾಕಿದ್ದರು. ನೀರಿನ ಗಿಡಕ್ಕೆ ಹೊಟ್ಟೆ ತುಂಬ ಉಣಿಸಬಾರದು, ಉಣಿಸಿದರೆ ಅದು ಉಣ್ಣುವುದಿಲ್ಲ, ಪಾಚಿ ಉಣ್ಣುತ್ತದೆ. ಅಗಲ ಬಾಯಿಯ ಬುಟ್ಟಿಯಲ್ಲಿ ಎರೆಮಣ್ಣು, ಅದರೊಳಗೆ ಓರೆಯಾಗಿ ಗಡ್ಡೆ, ಮೇಲೆ ಉಸುಕು, ಗಡ್ಡೆಯ ತುದಿ ಮಾತ್ರ ಹೊರಗೆ. ನೀರು ಅಲುಗಾಡಬಾರದು, ಬಿಸಿಲು ಬೀಳಬೇಕು.

ಅವನು ಹೊಂಡ ಬರಿದು ಮಾಡಿ ಹಿಕ್ಕೆಯ ರಾಡಿಯನ್ನೆಲ್ಲ ಚೊಗಚಿಯ ಬುಡಕ್ಕೆ ಹೊತ್ತು ಹಾಕಿದ. ಉಳಿದ ಗಡ್ಡೆಗಳಲ್ಲಿ ಗಟ್ಟಿಯಿದ್ದವನ್ನು ಆರಿಸಿ ಬುಟ್ಟಿಗೆ ಕೂಡಿಸಿದ. ಕೊಕ್ಕರೆಯ ಕೊಕ್ಕಿಗೆ ಕಂಬಳಿಯ ಚೂರು ಬಿಗಿದು ನೀರು ನಿಲ್ಲಿಸಿದ. ಗಡ್ಡೆಯ ಜೊತೆ ಅಂತರಗಂಗೆ ಎಂಬ ತೇಲುವ ಕಳೆಯ ಒಂದು ಗುಪ್ಪೆ ಬಂದುಬಿಟ್ಟಿತ್ತು. ಅದನ್ನು ಹಾಗೇ ಬಿಟ್ಟಿದ್ದರೂ ಸಾಕಿತ್ತು, ಮಳೆಗಾಲದೊಳಗೆ ಹೊಂಡವನ್ನು ನುಂಗಿಹಾಕುತ್ತಿತ್ತು. ಭೀಮಶಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ಗೋಡೆಯ ಮೇಲೆ ಒಣಗಲು ಎಸೆದ.

ದಸರಾ ಹೊತ್ತಿಗೆ ಹೊಂಡದ ತುಂಬ ಬಿಳಿಯ ಹೂ. ಮೇಲಿನ ಆಫೀಸಿನ ದೊಡ್ಡ ಸಾಹೇಬರು ಬಂದವರು ಅದರೆದುರು ನಿಂತು ಫೋಟೋ ತೆಗೆಸಿಕೊಂಡರು. ಇಂಥ ಮಾಲಿಯನ್ನು ಬಿಡಬೇಡಿ, ಕಾಯಂ ಮಾಡಿ ಎಂದರು. ಆ ಆರ್ಡರು ಟೈಪು ಮಾಡಿದವಳು ನಾನೇ. ಹೊಳೆವ್ವ ಮಕ್ಕಳನ್ನು ಕರೆದುಕೊಂಡು ಬಂದು ಕಾಲೊನಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಕೈಗೂ ಒಂದು ಹಿಡಿ ಹಾಕಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ಇತ್ತು. ತಿನ್ನದೆ ಇರಲು ಮನಸ್ಸಾಗಲಿಲ್ಲ. ಭೀಮಶಿ ಕಾಣಲಿಲ್ಲ. ತಂತಿಯ ಮೂಲೆಯಲ್ಲಿದ್ದ.

ದೀಪಾವಳಿ ಮುಗಿದ ಮೇಲೆ ಸಿದರಾಯ ಹಿಂಡು ಹೊಡೆದುಕೊಂಡು ನಮ್ಮ ರಸ್ತೆಗೇ ಬಂದ. ಕೋಲೂರಿ ಕುಂಟುತ್ತಿದ್ದ. ಸಂತೆಗೆ ಹೋಗಲು ಬೇರೆ ಹತ್ತಿರದ ದಾರಿಯಿತ್ತು. ತಮ್ಮನಿಗೆ ಕೊನೆಯ ಸಲ ತೋರಿಸಲೆಂದೇ ಸುತ್ತಿ ಬಂದಿರಬೇಕು.

ಭೀಮಶಿ ಗೇಟು ತೆಗೆದುಬಿಟ್ಟ. ಹಿಂಡು ಒಳಗೆ ನುಗ್ಗಿತು. ಗರಿಕೆ, ಹೊನಗೊನ್ನೆ, ಚೊಗಚಿಯ ಕೆಳಗಿನ ಟೊಂಗೆ, ಎಲ್ಲ ಚರಚರ ತಿಂದವು. ಹೊಂಡದ ಸುತ್ತ ಮಂಡಿಯೂರಿ ನೈದಿಲೆಯ ನಡುವೆ ಮೂತಿ ಇಟ್ಟು ನೀರು ಕುಡಿದವು. ನಾನು ಸಾಹೇಬರ ಮನೆಯ ಬಾಗಿಲು ನೋಡಿದೆ, ಮುಚ್ಚಿತ್ತು. ತೆರೆದಿದ್ದರೂ ಅವತ್ತು ನಾನೇ ಅಡ್ಡ ನಿಲ್ಲುತ್ತಿದ್ದೆ. ಭೀಮಶಿ ಕುರಿಗಳ ನಡುವೆ ಬೆನ್ನು ಸವರುತ್ತ ಓಡಾಡಿದ.

ಸಿದರಾಯ ಹೂ ನೋಡುತ್ತ ನಿಂತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಛಲೋ ಬಂದಾವ ತಮ್ಮಾ" ಎಂದ. ಹಿಂಡಿನ ಕಡೆ ಕೋಲು ತೋರಿಸಿ ಹೇಳಿದ. "ಒಂದ ಹೂವಿನ ಗಿಡಾ ಸಾಯಾಕ ಬಿಡಲಿಲ್ಲ ನೀ. ಇವನ್ನ ಸಂತಿಗೆ ಕಳಸಾಕತ್ತಿ."

ಭೀಮಶಿ ಬಾಯಿ ತೆರೆದ. ನಾಲಿಗೆ ಬಾತ ದಿನ ಹೇಗಿದ್ದನೋ ಹಾಗೆಯೇ ಇದ್ದ. ಅಣ್ಣ ಗೇಟಿನ ಕಡೆ ತಿರುಗಿ ಹಿಂಡನ್ನು ಕರೆದ. ಆಗ ಭೀಮಶಿಯೂ ಕರೆದ, ಗಂಟಲು ಹರಿಯುವ ಹಾಗೆ, ಹಿಂಡನ್ನು ನಿಲ್ಲಿಸುವ ಕೂಗು. ಒಂದೆರಡು ಮುದಿ ಕುರಿ ಕಿವಿ ಎತ್ತಿದವು. ಆಮೇಲೆ ಅವೂ ಸಿದರಾಯನ ಹಿಂದೆ ಹೋದವು. ಭೀಮಶಿ ಗೇಟಿನವರೆಗೆ ಹೋದ, ಹೊರಗೆ ಕಾಲಿಡಲಿಲ್ಲ. ಧೂಳು ಇಳಿದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡ.

ದಂಡೆ ಬೋಳಾದದ್ದನ್ನು ನೋಡಿ ಸಾಹೇಬರು ಬೈದರು, ಈ ಸಲವಾದರೂ ಹೂವಿನ ಗಿಡ, ಬಣ್ಣದೆಲೆಯ ಗಿಡ ತಂದು ಹಚ್ಚು ಎಂದರು. ನನಗೂ ಮಹಾಲಿಂಗಪುರದಲ್ಲಿ ಕೆಲಸವಿತ್ತು, ಅದೇ ಟ್ರ್ಯಾಕ್ಟರಿನಲ್ಲಿ ಹೋದೆ. ನರ್ಸರಿಯವನಿಗೆ ಭೀಮಶಿಯ ಗುರುತು ಇನ್ನೂ ಇತ್ತು. ನಗುತ್ತ ಚುಕ್ಕೆ ಎಲೆಯ ಕುಂಡವನ್ನು ಮರೆಗೆ ಸರಿಸಿದ. ಸರಿಸುವ ಅಗತ್ಯವಿರಲಿಲ್ಲ. ಭೀಮಶಿ ಕಂಡ ಕುಂಡಗಳನ್ನೆಲ್ಲ ಒಂದೊಂದಾಗಿ ಎತ್ತಿ ಟ್ರ್ಯಾಕ್ಟರಿಗೆ ಇಟ್ಟ. ಯಾವ ಎಲೆಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.