ಮಜೆಲ್ಲಾ ಕೈ ತೋರಿಸಿದ ಮನೆ

“ನಾನು ಕೈ ತೋರಿಸ್ದೆ ನೋರಾ. ಅಷ್ಟೇ ನಾ ಮಾಡಿದ್ದು. ಆ ಹುಡುಗಿ ಊನಾ ಮೊದ್ಲೇ ಹೇಳಿದ್ಲು, ಮನೇಲಿ ಕೂರಿಸ್ಕೊಂಡು ಪ್ರಶ್ನೆ ಕೇಳಲ್ಲ, ನೀವು ದಿನಾ ಓಡಾಡೋ ದಾರೀಲೇ ನಡೀರಿ, ನಾನು ಪಕ್ಕದಲ್ಲಿ ಬರ್ತೀನಿ, ಎಲ್ಲಿ ಏನು ನೆನಪಾಗುತ್ತೋ ಅಲ್ಲೇ ನಿಂತು ಹೇಳಿ ಅಂತ. ಅವಳ ಓದೇ ಅದಂತೆ, ಜನ ಹೇಗೆ ಬದುಕ್ತಾರೆ ಅಂತ ಅವ್ರ ಜೊತೆ ನಡೆದು ತಿಳ್ಕೊಳ್ಳೋದು. ನಡೀತಾ ನಡೀತಾ ಬಾಯಿ ತಾನಾಗೇ ಬಿಚ್ಚುತ್ತೆ ಅಂದ್ಲು. ಬಿಚ್ತು ಕಣೇ. ಚರ್ಚಿನ ಹತ್ರ ಒಂದು ಹೇಳ್ದೆ, ಮುಚ್ಚಿಹೋದ ಬೇಕರಿ ಹತ್ರ ಇನ್ನೊಂದು ಹೇಳ್ದೆ. ಹತ್ತೊಂಬತ್ತನೇ ನಂಬರಿನ ಮುಂದೆ ಬಂದಾಗ ಕಾಲು ಮುಂದಕ್ಕೆ ಹೋಗ್ಲಿಲ್ಲ. ಆ ಕಿಟಕಿ ನೋಡು ಅಂತ ಕೈ ಎತ್ತಿ ತೋರಿಸ್ದೆ. ಎಷ್ಟು ಹೊತ್ತು ತೋರಿಸ್ದೆನೋ. ಅವಳು ಬರ್ಕೊಂಡ್ಲು, ಫೋನಲ್ಲಿ ಫೋಟೋನೂ ತೆಗೆದ್ಲು. ಆಮೇಲೆ ನೋಡಿದ್ರೆ ಪರದೆ ಹಿಂದೆ ಈಗ ಆ ಮನೇಲಿರೋ ಡೆಕ್ಲನ್ ಕುಸಾಕ್ ನಿಂತಿದ್ದ. ನಗ್ತಾನೂ ಇರ್ಲಿಲ್ಲ, ಬೈತಾನೂ ಇರ್ಲಿಲ್ಲ. ಸುಮ್ನೆ ನೋಡ್ತಾ ಇದ್ದ. ಅದು ಸೋಮವಾರ. ಇವತ್ತು ಬೆಳಗ್ಗೆ ಆರು ಗಂಟೆಗೆ ಪೊಲೀಸರು ಬಂದು ಅದೇ ಬಾಗಿಲು ಒಡೆದು ಮನೆಯೆಲ್ಲ ಜಾಲಾಡಿದ್ರು. ಈಗ ನೀನೇ ಹೇಳು, ಸುದ್ದಿ ಕೊಟ್ಟಿದ್ದು ನಾನಲ್ಲ ಅಂದ್ರೆ ಯಾರು ತಾನೇ ನಂಬ್ತಾರೆ?”

ಗುರುವಾರ ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ, ಕೋಟು ಕೂಡ ಬಿಚ್ಚದೆ ಕೂತು ಮಜೆಲ್ಲಾ ಇಷ್ಟನ್ನೂ ಹೇಳಿದಳು. ಮುಂದಿಟ್ಟ ಚಹಾ ಆರಿ ಕೆನೆ ಕಟ್ಟಿತು.

ಮಜೆಲ್ಲಾ ಹ್ಯಾನ್ರಹನ್‌ಗೆ ಅರವತ್ತೇಳು ವರ್ಷ. ಇಪ್ಪತ್ತೆರಡಕ್ಕೆ ಮದುವೆಯಾಗಿ, ಲಿಮೆರಿಕ್ ನಗರದ ಅಂಚಿನ ನಮ್ಮ ಸರ್ಕಾರಿ ಮನೆಗಳ ಸಾಲಿಗೆ, ನನ್ನ ಪಕ್ಕದ ಮನೆಗೇ ಬಂದಳು. ಗಂಡ ಡೊನಲ್ ಬೇಗ ತೀರಿಕೊಂಡ. ಮಕ್ಕಳಿಲ್ಲ. ಮೂವತ್ತು ವರ್ಷ ಶಾಲೆಯ ನೆಲ ಒರೆಸಿದಳು. ಬಾಯಿ ಮಾತ್ರ ಜೋರು. ಊನಾ ಮೊದಲ ದಿನ ಬಂದು “ಮಿಸೆಸ್ ಹ್ಯಾನ್ರಹನ್” ಎಂದಾಗ, “ಅದು ನಮ್ಮತ್ತೆ ಕಣಮ್ಮ. ಅವಳನ್ನ ಹೂತು ಬಹಳ ವರ್ಷ ಆಯ್ತು, ಮತ್ತೆ ಎಬ್ಬಿಸ್ಬೇಡ. ಮಜೆಲ್ಲಾ ಅನ್ನು,” ಎಂದಿದ್ದಳು. ಆ ಹುಡುಗಿ ನಕ್ಕು ಕೆಂಪಾಗಿದ್ದಳು. ಯೂನಿವರ್ಸಿಟಿಯವಳಾದರೂ ಒಳ್ಳೆಯವಳು.

ನಮ್ಮ ಬೀದಿಯಲ್ಲಿ ಕುಡಿದು ಬಿದ್ದವನನ್ನು ಎತ್ತಿ ಮನೆಗೆ ಬಿಡುತ್ತಾರೆ. ಜೈಲಿನಿಂದ ಬಂದವನನ್ನು ಕರೆದು ಊಟಕ್ಕೆ ಕೂರಿಸುತ್ತಾರೆ. ಪೊಲೀಸರಿಗೆ ಸುದ್ದಿ ಕೊಟ್ಟವರಿಗೆ ಮಾತ್ರ ಇಲ್ಲಿ ಜಾಗವಿಲ್ಲ. ಆರು ವರ್ಷದ ಹಿಂದೆ ಮೂವತ್ತೊಂದನೇ ಮನೆಯವನ ಮೇಲೆ ಆ ಗುಮಾನಿ ಬಂತು. ಮನೆಗೆ ಬೆಂಕಿ ಬಿತ್ತು. ಅವನು ಬದುಕಿದ, ಆದರೆ ತಿರುಗಿ ಬರಲಿಲ್ಲ. ಕಿಟಕಿಗಳಿಗೆ ಹೊಡೆದ ತಗಡು ಇವತ್ತಿಗೂ ಹಾಗೇ ಇದೆ.

ಶುಕ್ರವಾರ ಮಜೆಲ್ಲಾ ಅಂಗಡಿಗೆ ಹೋದಾಗ ಮಾತೆಲ್ಲ ನಿಂತಿತು. ಹಾಲಿನ ಡಬ್ಬಿ ಕೊಂಡು ಹೊರಗೆ ಬಂದ ಮೇಲೆ ಒಳಗೆ ಮತ್ತೆ ಶುರುವಾಯಿತು. ಶನಿವಾರ ಅವಳ ಮನೆಯ ಪಕ್ಕದ ಗೋಡೆಯ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ ‘ಚಾಡಿಕೋರಿ’ ಎಂದು ಬರೆದಿದ್ದರು. ಇಬ್ಬರೂ ಸೋಪಿನ ನೀರು ಹಾಕಿ ಉಜ್ಜಿದೆವು. ಅಕ್ಷರ ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು.

ಭಾನುವಾರ ಚರ್ಚಿನ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳಿ ಕೈ ಕುಲುಕುವ ಹೊತ್ತು ಬಂತು. ನಾನು ಅವಳ ಕೈ ಹಿಡಿದೆ. ಅವಳು ಇನ್ನೊಂದು ಕೈಯನ್ನು ಮುಂದಿನ ಸಾಲಿನವರ ಕಡೆ ಚಾಚಿದಳು. ನಲವತ್ತು ವರ್ಷದಿಂದ ಬಲ್ಲ ಬೆನ್ನುಗಳು. ಒಂದೂ ತಿರುಗಲಿಲ್ಲ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅವಳು ಅದನ್ನು ಜೇಬಿಗೆ ಹಾಕಿಕೊಂಡಳು.

ಅಂದು ಸಂಜೆ ಅವಳ ಬಾಗಿಲ ಮುಂದೆ ಒಂದು ಕಾರು ಬಂದು ನಿಂತಿತು. ಇಂಜಿನ್ ಆರಿಸಲಿಲ್ಲ, ಯಾರೂ ಇಳಿಯಲೂ ಇಲ್ಲ. ಅರ್ಧ ಗಂಟೆ ಗುರುಗುಟ್ಟಿ ಹೋಯಿತು. ಮಜೆಲ್ಲಾ ಬಂದು ನನ್ನ ಸೋಫಾದ ಮೇಲೆ ಬೂಟು ಕಳಚದೆ ಮಲಗಿದಳು.

“ಬೇರೆ ಕಡೆ ಸರ್ಕಾರಿ ಮನೆ ಕೇಳೋಣ್ವಾ?” ಎಂದೆ.

“ಹತ್ತು ವರ್ಷ ಸಾಲಲ್ಲಿ ನಿಲ್ಲಿಸ್ತಾರೆ. ಅಷ್ಟರೊಳಗೆ ನನಗೆ ಸ್ಮಶಾನದಲ್ಲೇ ಜಾಗ ಸಿಗುತ್ತೆ,” ಎಂದಳು. ಇಬ್ಬರೂ ನಗಲಿಲ್ಲ.

ಸೋಮವಾರ ಟಪಾಲಿನಲ್ಲಿ ದಪ್ಪ ಲಕೋಟೆ ಬಂತು. ನಡೆಯುತ್ತ ಮಜೆಲ್ಲಾ ಆಡಿದ ಮಾತನ್ನೆಲ್ಲ ಊನಾ ಟೈಪು ಮಾಡಿಸಿ ಕಳಿಸಿದ್ದಳು. ಓದಿ ನೋಡಿ, ಬೇಡವಾದದ್ದನ್ನು ಹೊಡೆದು ಹಾಕಿ ಎಂದು ಮೇಲೊಂದು ಚೀಟಿ. ಮಜೆಲ್ಲಾ ಹಾಳೆಗಳನ್ನು ತಿರುವಿ ತಟ್ಟನೆ ಎದ್ದಳು.

“ಇದನ್ನ ತಗೊಂಡು ಹೋಗಿ ಬ್ರೀಡಾ ಕುಸಾಕ್ ಕೈಗೇ ಕೊಡ್ತೀನಿ. ಓದ್ಕೊಳ್ಳಲಿ. ನೀನು ಬರ್ಬೇಡ ನೋರಾ.”

“ನಿನ್ನ ಗೋಡೆ ನನ್ನ ಗೋಡೆ ಒಂದೇ ಕಣೇ. ನಿನ್ನ ಮನೆಗೆ ಬೆಂಕಿ ಬಿದ್ರೆ ನನ್ನದೇನು ತಣ್ಣಗಿರುತ್ತಾ? ನಡಿ.”

ಹತ್ತೊಂಬತ್ತನೇ ನಂಬರಿನ ಒಡೆದ ಬಾಗಿಲಿಗೆ ಹಸಿ ಹಲಗೆ ಹೊಡೆದಿದ್ದರು. ಡೆಕ್ಲನ್ನನ ತಾಯಿ ಬ್ರೀಡಾ ತೆಗೆದಳು. ನಮ್ಮ ವಯಸ್ಸಿನವಳೇ. ನಮ್ಮನ್ನು ಕಂಡು ಅವಳೂ ಹೆದರಿದಂತೆ ಕಂಡಿತು. ಡೆಕ್ಲನ್ ಒಳಗೆ ಟೋಸ್ಟ್ ತಿನ್ನುತ್ತಿದ್ದ.

“ಧೈರ್ಯ ಜಾಸ್ತಿ ನಿಂಗೆ,” ಎಂದ.

“ಧೈರ್ಯ ಇಲ್ಲ ಕಣಪ್ಪ, ಅದಕ್ಕೇ ನೋರಾ ಜೊತೆಗೆ ಬಂದಿದ್ದಾಳೆ,” ಎಂದಳು ಮಜೆಲ್ಲಾ. “ಅವತ್ತು ನಾನು ಏನು ಹೇಳ್ದೆ ಅನ್ನೋದು ಇದ್ರಲ್ಲಿದೆ. ಓದು.”

ಬ್ರೀಡಾ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. “‘ಆಗ ಬೀದಿಗೆಲ್ಲ ಇದ್ದದ್ದು ಈ ಮನೇಲಿ ಒಂದೇ ಫೋನು. ಆ ಕಿಟಕಿ ಹತ್ರ ಇತ್ತು. ಯಾರಿಗಾದ್ರೂ ಫೋನ್ ಬಂದ್ರೆ ಈ ಮನೆಯ ಲೀನಾ ಚಮಚದಲ್ಲಿ ಗಾಜು ಬಡಿಯೋಳು. ಡೊನಲ್ ಲಂಡನ್ನಲ್ಲಿ ಕೆಲಸಕ್ಕಿದ್ದ, ಭಾನುವಾರ ಫೋನ್ ಮಾಡ್ತಿದ್ದ. ಅವತ್ತು ಬುಧವಾರ. ಬುಧವಾರ ಯಾಕೆ ಮಾಡಿದ ಅಂತ ಓಡಿ ಬಂದೆ. ಅವನಲ್ಲ, ಮೇಸ್ತ್ರಿ. ಕಟ್ಟಡದ ಮೇಲಿಂದ ಬಿದ್ದ ಅಂದ. ಫೋನ್ ಕೆಳಗಿಡೋದು ಹೇಗೆ ಅಂತ ಮರೆತೇಹೋಯ್ತು. ಲೀನಾ ನನ್ನ ಬೆರಳು ಒಂದೊಂದೇ ಬಿಡಿಸಿದ್ಲು…’”

ಬ್ರೀಡಾ ಅಲ್ಲಿಗೆ ನಿಲ್ಲಿಸಿದಳು. “ಹೇ ದೇವ್ರೇ, ನಂಗೆ ಗೊತ್ತಿರ್ಲಿಲ್ಲ ಮಜೆಲ್ಲಾ,” ಎಂದಳು.

ಡೆಕ್ಲನ್ ಬಾಯಿ ಒರೆಸಿಕೊಂಡ. “ಮನೆ ನಂಬರ್ ಇದ್ಯಲ್ಲ ಇದ್ರಲ್ಲಿ. ಆ ಹುಡುಗಿ ಹತ್ರ ಫೋಟೋ ಬೇರೆ ಇದೆ. ಅವಳಿಗೆ ಫೋನ್ ಮಾಡಿ ಎಲ್ಲಾ ಅಳಿಸು ಅನ್ನು. ನಾನು ಕೇಳಿಸ್ಕೋಬೇಕು.”

ಮಜೆಲ್ಲಾ ಮೇಜಿನ ಮೇಲೆ ಫೋನಿಟ್ಟು, ಅವತ್ತು ಹೇಳಿದ್ದನ್ನೆಲ್ಲ ಅಳಿಸಿಬಿಡು, ಫೋಟೋನೂ ಅಳಿಸು ಎಂದಳು. ಊನಾಳ ದನಿ ಸಣ್ಣಗಾಯಿತು.

“ಅಳಿಸ್ತೀನಿ, ಅದು ನಿಮ್ಮ ಹಕ್ಕು. ಆದ್ರೆ ಆ ಫೋನಿನ ಮಾತು ಒಂದಾದ್ರೂ ಇಟ್ಕೋಬಹುದಾ? ಮನೆ ನಂಬರ್ ತೆಗೀತೀನಿ.”

ಡೆಕ್ಲನ್ ತಲೆ ಅಲ್ಲಾಡಿಸಿದ.

“ಎಲ್ಲಾ ಅಳಿಸು ತಾಯಿ.”

“ನಾನೇನಾದ್ರೂ ತಪ್ಪು ಮಾಡಿದ್ನಾ? ಅಲ್ಲಿ ಎಲ್ಲ ಸರಿಯಾಗಿದೆ ತಾನೇ?”

“ಸರಿಯಾಗಿದೆ. ನೀನು ಚೆನ್ನಾಗಿ ಕೇಳಿಸ್ಕೊಂಡೆ. ಇನ್ನು ಈ ಕಡೆ ಬರ್ಬೇಡ.”

“ಆ ಒಂದು ಹಾಳೆ ಮಜೆಲ್ಲಾಗೆ ಕೊಡೋ,” ಎಂದಳು ಬ್ರೀಡಾ ಮಗನಿಗೆ. ಅವನು ಕೇಳಿಸದವನಂತೆ ಎಲ್ಲವನ್ನೂ ಮಡಚಿ ಜೇಬಿಗಿಟ್ಟ. “ಗೋಡೆಗೆ ನಾಳೆ ಬಣ್ಣ ಹೊಡೆಸ್ತೀನಿ,” ಎಂದ. ಬರೆದದ್ದು ಯಾರೆಂದು ನಾವು ಕೇಳಲಿಲ್ಲ.

ನಾವು ತಿರುಗಿ ಬರುವಷ್ಟರಲ್ಲಿ ಅಂಗಡಿಯವಳು ಬಾಗಿಲಿಗೆ ಬಂದು ನಿಂತಿದ್ದಳು. “ಮಜೆಲ್ಲಾ, ನಿಂಗೆ ಅಂತ ಸೋಡಾ ಬ್ರೆಡ್ ಎತ್ತಿಟ್ಟಿದ್ದೀನಿ ಕಣೇ!” ಎಂದು ಕೂಗಿದಳು. ಅಷ್ಟು ಬೇಗ ಅವಳಿಗೆ ಯಾರು ಹೇಳಿದರೋ. ಮಜೆಲ್ಲಾ ಕೈ ಎತ್ತಲಿಲ್ಲ. ತಲೆ ಮಾತ್ರ ಆಡಿಸಿದಳು.

ತನ್ನ ಮನೆಯೊಳಗೆ ಬಂದು ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಎಳೆದು ನೋಡಿದಳು.

“ಅವನು ನಂಬಿದ್ನಾ ನೋರಾ? ಇಲ್ಲಾ ತಾಯಿ ಮುಂದೆ ಸುಮ್ಮನಾದ್ನಾ?”

“ಗೊತ್ತಿಲ್ಲ ಕಣೇ.”

“ಆ ಬುಧವಾರದ ವಿಷ್ಯ ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದ್ಲು. ಇನ್ನು ಹೇಳಲ್ಲ.” ಆಮೇಲೆ ಕೇಳಿದಳು: “ಈ ವಾರ ಕಸದವರಿಗೆ ಯಾವ ಡಬ್ಬಿ ಇಡ್ಬೇಕು? ಹಸಿರೋ ಕಪ್ಪೋ?”

“ಕಪ್ಪು.”

ಮಜೆಲ್ಲಾ ಸಿಂಕಿನ ಕೆಳಗಿನ ಕಸದ ಚೀಲಕ್ಕೆ ಗಂಟು ಹಾಕಿ, ಹಿತ್ತಲಿಗೆ ಹೋಗಿ ಕಪ್ಪು ಡಬ್ಬಿಯಲ್ಲಿ ಒತ್ತಿ ತುಂಬಿದಳು. ಮುಚ್ಚಳ ಮುಚ್ಚಿ, ಚಕ್ರದ ಮೇಲೆ ಅದನ್ನು ಎಳೆದುಕೊಂಡು ರಸ್ತೆಯ ಅಂಚಿಗೆ ಹೋದಳು.