ಬೀರುವಿನ ತುಕ್ಕು

ರಾಸಾಯನಿಕ ಕ್ರಿಯೆಯ ವೇಗ ಯಾವುದರಿಂದ ಹೆಚ್ಚುತ್ತದೆ ಎಂದು ಚೆನ್ನೈನ ಅಡ್ಯಾರಿನ ಕಾಲೇಜೊಂದರಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ. ಉಷ್ಣತೆ, ಸಾರತೆ, ತಾಗುವ ಮೇಲ್ಮೈ, ವೇಗವರ್ಧಕ. ಇದೇ ಪಾಠವನ್ನು ಒಮ್ಮೆ ನಮ್ಮ ಮನೆಗೆಲಸದಾಕೆಗೂ ಮಾಡಿದ್ದೆ. ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ನಾವು ಆಗಷ್ಟೇ ಮೈಸೂರಿನಿಂದ ಬೆಸೆಂಟ್ ನಗರಕ್ಕೆ ಬಂದಿದ್ದೆವು. ಆಕೆ ಹೊಸೂರು ಕಡೆಯವರು, ಐವತ್ತರ ಆಸುಪಾಸು. ಅರ್ಧ ತಮಿಳಾದರೂ ಕನ್ನಡ ಬರುತ್ತದಲ್ಲ ಎಂದು ಹೆಂಡತಿ ಕೆಲಸಕ್ಕೆ ಕರೆದಿದ್ದಳು. ನಮ್ಮ ಪುಟ್ಟ ಮಗಳಿಗೆ ಪದೇ ಪದೇ ಜ್ವರ. ಅವಳಿಗೆ ತಾಗಿದ ದೃಷ್ಟಿ ಹೋಗಲೆಂದು ಆಕೆ ಶುಕ್ರವಾರ ನೀರಿಗೆ ಕಲ್ಲುಪ್ಪು ಹಾಕಿ ನೆಲ ಒರೆಸುತ್ತಿದ್ದರು.

ಅಷ್ಟರಲ್ಲಿ ಹೊಸ ಕಬ್ಬಿಣದ ಬೀರು ತುಕ್ಕು ಹಿಡಿಯಿತು. ಉಪ್ಪೇ ಕಾರಣ ಎಂದೆ.

"ಒಂದು ಪಿಡಿ ತಾನೆ ಸಾರ್ ಹಾಕ್ತೀನಿ. ಅದಕ್ಕೇ ಇಷ್ಟು ದೊಡ್ಡ ಬೀರು ಕೆಟ್ಟೋಗತ್ತಾ?"

ನಾನು ಎರಡು ಲೋಟದಲ್ಲಿ ಒಂದೊಂದು ಮೊಳೆ ಹಾಕಿಟ್ಟೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪುನೀರು. ಮೂರನೆಯ ದಿನ ಆಕೆಯನ್ನು ಕರೆದು, ಉಪ್ಪಿನ ಲೋಟ ಹೆಚ್ಚು ಕೆಂಪಾಗಿದ್ದನ್ನು ತೋರಿಸಿ, "ಉಪ್ಪು ವೇಗವರ್ಧಕ" ಎಂದೆ. ನಿಜಕ್ಕೂ ಅಲ್ಲ, ಉಪ್ಪು ತುಕ್ಕನ್ನು ಬೇಗ ತರಿಸುತ್ತದೆ, ಆದರೆ ಅದನ್ನು ವೇಗವರ್ಧಕ ಎನ್ನುವುದಿಲ್ಲ. ಗೊತ್ತಿದ್ದೂ ಹೇಳಿದೆ. ದೊಡ್ಡ ಪದ ಬಂದರೆ ಎದುರಿನವರು ಸುಮ್ಮನಾಗುತ್ತಾರೆ.

"ಮೊಳೆಯೂ ನಿಮ್ಮ ಪಾರ್ಟಿನೇ ಬಿಡಿ ಸಾರ್" ಎಂದರು ಆಕೆ. ಹೆಂಡತಿ ನಕ್ಕಳು. ನನಗೆ ಅದೇ ಚುಚ್ಚಿತು. ಮುಂದಿನ ಶುಕ್ರವಾರ ಮತ್ತೆ ಬಕೆಟ್ಟಿಗೆ ಉಪ್ಪು ಬಿದ್ದದ್ದು ಕಂಡು, ನಾಳೆಯಿಂದ ಬರಬೇಡಿ ಎಂದುಬಿಟ್ಟೆ.

ತುಕ್ಕು ನಿಲ್ಲಲಿಲ್ಲ. ಬೀರುವಿನ ಬುಡಕ್ಕಿಂತ ನೆತ್ತಿಯಲ್ಲೇ ಹೆಚ್ಚಿತ್ತು. ಒರೆಸುವ ಬಟ್ಟೆ ಅಲ್ಲಿಗೆ ಏರುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಒಂದು ದಿನ ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸಲು ಸ್ಟೂಲ್ ಹತ್ತಿದ ಹೆಂಡತಿ, "ರೀ, ಇದನ್ನ ಇಲ್ಲಿ ಯಾರಿಟ್ಟಿದ್ದು?" ಎಂದಳು. ಬಚ್ಚಲಿನ ಕಲೆ ತೆಗೆಯುವ ಆಸಿಡ್ ಬಾಟಲಿ. ಮಗುವಿನ ಕೈಗೆ ಸಿಗದಿರಲೆಂದು ನಾನೇ ಇಟ್ಟಿದ್ದೆ. ಮುಚ್ಚಳ ಸೀಳುಬಿಟ್ಟಿತ್ತು. ಮುಚ್ಚಿದ ಕೋಣೆ, ಇಲ್ಲಿನ ಸೆಕೆ, ತೇವ, ಜೊತೆಗೆ ಆಸಿಡ್ಡಿನ ಹೊಗೆ: ಕಬ್ಬಿಣ ಏನಾಗುತ್ತದೆಂದು ನನ್ನ ಮೊದಲ ವರ್ಷದ ಹುಡುಗಿಯರೂ ಹೇಳುತ್ತಾರೆ.

ಅದಕ್ಕಿಂತ ಕೆಟ್ಟದ್ದೊಂದು ನೆನಪಿದೆ. ಮೊಳೆಗಳ ಪಾಠಕ್ಕೂ ಮೊದಲೇ ಆಕೆ, "ಸಾರ್, ಆ ಆಸಿಡ್ ಮೂಡಿ ಒಡೆದಿದೆ" ಎಂದಿದ್ದರು. ಹೇಳಿದ್ದರೇ? ತಪ್ಪು ಮಾಡಿದವನ ನೆನಪು ತನ್ನ ವಿರುದ್ಧವೇ ಸಾಕ್ಷಿ ಹುಟ್ಟಿಸಿಕೊಳ್ಳುತ್ತದೆ. ಇದೂ ಹಾಗೇ ಇರಬಹುದು ಎಂದು ಎಷ್ಟೋ ಸಲ ವಾದಿಸಿ ನೋಡಿದ್ದೇನೆ. ಆದರೆ ಆ 'ಮೂಡಿ' ನನ್ನ ಪದವಲ್ಲ. ನಮ್ಮಲ್ಲಿ ಅದು ಮುಚ್ಚಳ. ತಮಿಳಿನಲ್ಲಿ ಮುಚ್ಚಳಕ್ಕೆ ಮೂಡಿ ಎನ್ನುತ್ತಾರೆಂದು ಆಗ ಗೊತ್ತಿರಲಿಲ್ಲ. ಏನೋ ಮೂಡಿದೆ ಎನ್ನುತ್ತಿದ್ದಾರೆ ಎಂದುಕೊಂಡು, ಪೇಪರಿನಿಂದ ತಲೆಯೆತ್ತದೆ "ಆಗ್ಲಿ, ಆಗ್ಲಿ" ಎಂದಿದ್ದೆ. ಈ ಪೆದ್ದುತನವನ್ನು ನಾನೇ ಕಲ್ಪಿಸಿಕೊಂಡಿದ್ದೇನೆ ಎಂದು ನಂಬಲು ಆಗುತ್ತಿಲ್ಲ.

ಬಾಟಲಿ ಎಸೆದು ಒಂದೆರಡು ತಿಂಗಳಾದ ಮೇಲೆ ತರಕಾರಿ ಅಂಗಡಿಯಲ್ಲಿ ಆಕೆ ಸಿಕ್ಕರು. ಹೇಳಿಬಿಡಬೇಕೆಂದು ಹತ್ತಿರ ಹೋದೆ. ಅವರೇ ಮೊದಲು ಕೇಳಿದರು.

"ಪಾಪು ಚೆನ್ನಾಗಿದೆಯಾ ಸಾರ್? ಬೀರು? ತುಕ್ಕು ನಿಂತಿತಾ?"

"ನಿಂತಿತು" ಎಂದೆ.

ಆಕೆಯ ಮುಖ ಸಣ್ಣಗಾಯಿತು. "ಹಾಗಾದ್ರೆ ಉಪ್ಪೇ ಸಾರ್. ನಾನು ತಾನೆ ನಂಬಲಿಲ್ಲ. ಈಗ ಯಾರ ಮನೇಲೂ ಹಾಕಲ್ಲ."

ಬದನೆಕಾಯಿ ಆರಿಸುತ್ತಾ ನಿಂತೆ. ಅವರು ಚೀಲ ಎತ್ತಿಕೊಂಡು ಹೋಗುವವರೆಗೂ ಆರಿಸುತ್ತಲೇ ಇದ್ದೆ.